ಔಷಧದಾನವೂ ಅಪ್ರಮಾದವೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವು ಶ್ರಾವಕರ ಮನಸ್ಸಿಗೆ ಬಹು ಹತ್ತಿರವಾದುದು. ಚಾಮರಾಜನಗರದ ಸೀಮೆಗಂತೂ ವೈದ್ಯದ ನೆನಪು ಹಳೆಯದು. ಮಲೆಯೂರಿನ ಕನಕಗಿರಿಯನ್ನು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆ ಸ್ಮರಿಸುತ್ತದೆ. ಅವರು ವೈದ್ಯಶಾಸ್ತ್ರದಲ್ಲಿಯೂ ಪಾರಂಗತರಾಗಿದ್ದರೆಂಬುದು ಅದೇ ಪರಂಪರೆಯ ನಂಬಿಕೆ. ಆದರೆ ವಿವೇಕ ಜೊತೆಗಿಲ್ಲದಿದ್ದರೆ ಔಷಧವೂ ಅನರ್ಥಕ್ಕೆ ಕಾರಣವಾದೀತು. ಆ ಸೀಮೆಯ ಒಂದು ಮನೆತನದಲ್ಲಿ ಈಚೆಗೆ ನಡೆದ ಸಂಗತಿ ಇದಕ್ಕೆ ನಿದರ್ಶನ.

ಚಾಮರಾಜನಗರದಲ್ಲಿ ಅರಿಶಿನದ ವರ್ತಕರೊಬ್ಬರಿದ್ದಾರೆ. ಪುಣಿಸ ದಂಡನಾಯಕನು 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ದರ್ಶನವಾಗದೆ ಅಂಗಡಿಯ ಬಾಗಿಲು ತೆರೆಯದವರು. ಸೊಂಟನೋವಿಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಎರಡು ವರ್ಷಗಳಿಂದ ಸೇವಿಸುತ್ತಿದ್ದರು. ಅರಿಶಿನದ ಕೊಯ್ಲಿನ ಕಾಲದಲ್ಲಿ ಒಂದು ದಿನ ಮೈಕೈ ನೋವು ಹೆಚ್ಚಾಯಿತು, ಗಂಟಲು ಕೆರೆಯಿತು. ದಿನವಿಡೀ ನಿಂತ ಆಯಾಸವೆಂದು ಭಾವಿಸಿ ಮಾತ್ರೆಯೊಂದನ್ನು ಹೆಚ್ಚಿಗೆ ನುಂಗಿದರು. ಸಂಜೆಗೆ ಮೈ ಹಗುರವಾಯಿತು. ಮರುದಿನ ಗುಂಡ್ಲುಪೇಟೆಯಲ್ಲಿ ಅಕ್ಕನ ಮೊಮ್ಮಗನ ನಾಮಕರಣ. ಜ್ವರವಿಲ್ಲವಷ್ಟೆ ಎಂದು ಹೊರಟುಹೋದರು. ಅಕ್ಕನ ಪಕ್ಕದಲ್ಲಿಯೇ ಕುಳಿತು ಅರ್ಧ ದಿನ ಹಳೆಯ ಮಾತುಗಳನ್ನಾಡಿದರು.

ಮೂರನೆಯ ದಿನ ಅಕ್ಕನಿಗೆ ಕೆಮ್ಮು, ವಿಪರೀತ ನಿಶ್ಶಕ್ತಿ. ಎಪ್ಪತ್ತು ದಾಟಿದ ಆ ತಾಯಿಯೂ ಮಂಡಿನೋವಿಗಾಗಿ ನಿತ್ಯ ಮಾತ್ರೆ ತೆಗೆದುಕೊಳ್ಳುವವರೇ. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರವಿಲ್ಲ. ಬರಿಯ ನೆಗಡಿಯೆಂದು ಮನೆಯವರು ಸಮಾಧಾನಪಟ್ಟರು. ಚತುರ್ದಶಿಯ ಉಪವಾಸವನ್ನು ಅವರು ಬಿಡಲಿಲ್ಲ. ಪಾರಣೆಯ ದಿನವೂ ಅನ್ನ ಸೇರಲಿಲ್ಲ. ಮೈನೋವು ತಾಳಲಾರದೆ ಎರಡು ಗುಟುಕು ನೀರಿನಲ್ಲಿ ಎರಡು ಮಾತ್ರೆ ನುಂಗಿದರು. ಸೂರ್ಯಾಸ್ತದ ಮೇಲೆ ನೀರನ್ನು ಮುಟ್ಟುವ ಪದ್ಧತಿಯಿಲ್ಲ. ಮಾರನೆಯ ಬೆಳಗಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು, ಮೂತ್ರ ಬಹುಮಟ್ಟಿಗೆ ನಿಂತಿತ್ತು. ಮೈಸೂರಿನ ಆಸ್ಪತ್ರೆಯೊಂದಕ್ಕೆ ಅವಸರದಿಂದ ಕರೆದೊಯ್ದರು.

ಗಂಟಲ ದ್ರವದ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದು ತಿಳಿಯಿತು. ವೈದ್ಯರು ಮನೆಯವರಿಗೆ ವಿವರಿಸಿದ್ದು ಇಷ್ಟು: ಇಂತಹ ನೋವಿನ ಮಾತ್ರೆ ಜ್ವರವನ್ನೂ ಇಳಿಸುತ್ತದೆ, ರೋಗಾಣುವನ್ನು ಮಾತ್ರ ಮುಟ್ಟುವುದಿಲ್ಲ. ನಿತ್ಯ ಸೇವಿಸುವವರಲ್ಲಿ ಜ್ವರದ ಎಚ್ಚರಿಕೆಯೇ ಕಾಣಿಸದೆ ಹೋಗಬಹುದು. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಗಳು ತಮಗೆ ಬೇಕಾದ ರಕ್ತದ ಹರಿವನ್ನು ಪ್ರಯಾಸದಿಂದ ಕಾಪಾಡಿಕೊಳ್ಳುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಆ ಪ್ರಯತ್ನವನ್ನೇ ತಡೆಯುತ್ತವೆ. ಲೆಕ್ಕದ ಪುಸ್ತಕದಲ್ಲಿ ಸಾಲದ ಪುಟವನ್ನು ಮುಚ್ಚಿಟ್ಟ ಮಾತ್ರಕ್ಕೆ ಸಾಲ ತೀರಿತೆ?

ಈ ಪ್ರಶ್ನೆ ಹೊಸದಲ್ಲ. 1918ರ ಇನ್‌ಫ್ಲುಯೆಂಜಾ ಮಹಾಮಾರಿ ಮೈಸೂರು ಸಂಸ್ಥಾನವನ್ನೂ ಹೊಕ್ಕಿತ್ತು. ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಮಡಿದರು. ಪಶ್ಚಿಮದ ವೈದ್ಯರು ಆಗ ಆಸ್ಪಿರಿನ್ನನ್ನು ದಿನಕ್ಕೆ 8ರಿಂದ 31 ಗ್ರಾಂವರೆಗೂ ವಿಧಿಸಿದ್ದುಂಟು. ಇಂದು 4 ಗ್ರಾಂ ಮೀರಿದರೆ ಅಪಾಯವೆನ್ನುತ್ತಾರೆ. ಅಂದಿನ ಕೆಲವು ಸಾವುಗಳಿಗೆ ಈ ಅತಿಮಾತ್ರೆಯೇ ಕಾರಣವಾಗಿರಬಹುದೆಂದು ಅಮೆರಿಕದ ವೈದ್ಯೆ ಕ್ಯಾರೆನ್ ಸ್ಟಾರ್ಕೊ 2009ರಲ್ಲಿ ವಾದಿಸಿದರು. ಅದು ಊಹೆಯೇ ಹೊರತು ಸಿದ್ಧಾಂತವಲ್ಲ. ಆಸ್ಪಿರಿನ್ ತಲುಪಿರಲಾರದ ನಮ್ಮ ಹಳ್ಳಿಗಳಲ್ಲಿಯೂ ಜನ ಸತ್ತರಲ್ಲವೆ? ಆದರೆ ಫ್ಲೂ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಲಾಗದೆಂಬುದು ಇಂದು ನಿಶ್ಚಿತವಾದ ನಿಯಮ. ಯಕೃತ್ತು ಮತ್ತು ಮೆದುಳುಗಳನ್ನು ಕೆಡಿಸುವ ರೇಯ್ಸ್ ಎಂಬ ವ್ಯಾಧಿಯೊಡನೆ ಅದಕ್ಕೆ ಸಂಬಂಧ ಕಂಡುಬಂದಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಿದ್ವಾಂಸರು 2014ರಲ್ಲಿ ಗಣಿತದ ಮೂಲಕ ಇನ್ನೊಂದು ಅಂಶವನ್ನು ಮುಂದಿಟ್ಟರು. ಜ್ವರ ಇಳಿಸಿಕೊಂಡು ಜನರ ನಡುವೆ ಓಡಾಡುವುದರಿಂದ ಫ್ಲೂ ಪ್ರಕರಣಗಳು ಶೇಕಡಾ 5ರಷ್ಟು ಹೆಚ್ಚಬಹುದೆಂಬುದು ಅವರ ಅಂದಾಜು.

ಅಕ್ಕ ಹನ್ನೊಂದು ದಿನಗಳ ಮೇಲೆ ಮನೆಗೆ ಮರಳಿದರು. ತಮ್ಮನ ಮುಖ ಬಾಡಿದ್ದನ್ನು ಕಂಡು, “ನೀನೇನು ಬೇಕೆಂದು ತಂದೆಯೇನಪ್ಪಾ? ಯಾಕೆ ಕೊರಗುತ್ತೀಯೆ?” ಎಂದರು. ಆ ಮಾತು ವರ್ತಕರಿಗೆ ನೆಮ್ಮದಿ ತರಲಿಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂದು ಉಮಾಸ್ವಾಮಿಗಳ ಸೂತ್ರವನ್ನು ಅವರೇ ಎಷ್ಟೋ ಸಲ ಸ್ವಾಧ್ಯಾಯದಲ್ಲಿ ವಿವರಿಸಿದ್ದರು. ಕೊಲ್ಲುವ ಸಂಕಲ್ಪ ಇರಲಿಲ್ಲ, ನಿಜ. ಆದರೆ ಗಂಟಲು ಕೆರೆದ ದಿನ ಮನೆಯಲ್ಲಿ ಉಳಿಯುವಷ್ಟು ಎಚ್ಚರವಾದರೂ ಇತ್ತೆ?

ಮುಂದಿನ ಟ್ರಸ್ಟ್ ಸಭೆಯಲ್ಲಿ ಅವರು ಇನ್ನೊಂದು ವಿಷಯ ಎತ್ತಿದರು. ಯಾತ್ರಿಕರಿಗೆಂದು ಇರಿಸಿದ ಔಷಧಪೆಟ್ಟಿಗೆಯಲ್ಲಿ ನೋವಿನ ಮಾತ್ರೆಗಳನ್ನು ವರ್ಷವರ್ಷವೂ ತುಂಬಿಸುತ್ತಿದ್ದವರು ಅವರೇ. ಕೇಳಿದವರಿಗೆಲ್ಲ ಕೈತುಂಬ ಕೊಡಲಾಗುತ್ತಿತ್ತು. ವಯಸ್ಸೆಷ್ಟು, ಉಪವಾಸವೆ, ಮೂತ್ರಪಿಂಡದ ತೊಂದರೆಯುಂಟೆ ಎಂದು ವಿಚಾರಿಸಿದವರಿಲ್ಲ. ಆ ಮಾತ್ರೆಗಳನ್ನು ತೆಗೆಸಬೇಕೆಂದಾಗ ಹಿರಿಯರೊಬ್ಬರು, “ದಾನವನ್ನೇ ನಿಲ್ಲಿಸಬೇಕೆನ್ನುತ್ತೀರಾ?” ಎಂದು ಕೇಳಿದರು. “ದಾನ ನಿಲ್ಲುವುದು ಬೇಡ, ವಿಚಾರಿಸದೆ ಕೊಡುವುದು ನಿಲ್ಲಲಿ” ಎಂದರು ವರ್ತಕರು. ಚರ್ಚೆ ದೀರ್ಘವಾಗಿ ನಡೆಯಿತು. ಕೊನೆಗೆ ಅದೇ ಹಣದಲ್ಲಿ ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ ಮತ್ತು ಮಾಸ್ಕುಗಳನ್ನು ಇರಿಸುವುದು, ತಿಂಗಳಿಗೊಮ್ಮೆ ವೈದ್ಯರೊಬ್ಬರನ್ನು ಕರೆಸುವುದು ಎಂದು ತೀರ್ಮಾನವಾಯಿತು.

ವ್ರತವನ್ನು ದೂಷಿಸುವುದು ಈ ಪ್ರಸಂಗದ ತಾತ್ಪರ್ಯವಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಬಿಡಬೇಕೆಂಬುದೂ ಅಲ್ಲ. ಮಾತ್ರೆ ಸೇವಿಸುವವರು ತಮ್ಮ ವ್ರತನಿಯಮಗಳನ್ನು ವೈದ್ಯರಿಗೆ ತಿಳಿಸಬೇಕು; ಕಾಯಿಲೆಯ ದಿನಗಳಲ್ಲಿ ಶಕ್ತಿಯರಿತು ನಡೆಯಬೇಕು. ಗುಂಡ್ಲುಪೇಟೆಯ ಆ ಅಕ್ಕ ಈಗ ವೈದ್ಯರಲ್ಲಿಗೆ ಹೋಗುವಾಗ ಔಷಧದ ಚೀಟಿಯ ಜೊತೆಗೆ, ಆ ತಿಂಗಳ ಅಷ್ಟಮಿ ಚತುರ್ದಶಿಗಳ ದಿನಾಂಕ ಬರೆದ ಕಾಗದವನ್ನೂ ಒಯ್ಯುತ್ತಾರೆ. ಅದನ್ನು ಪ್ರತಿ ತಿಂಗಳೂ ಬರೆದುಕೊಡುವವರು ಅವರ ತಮ್ಮನೇ.