ಬೆಟ್ಟದ ಓಟ

ಬಯಲಿನ ಓಟವನ್ನು ನೋಡುವವನಿಗೆ ಶ್ರಮವಿಲ್ಲ. ಕುಳಿತಲ್ಲಿಂದಲೇ ಆದಿ, ಅಂತ್ಯಗಳೆರಡೂ ಕಾಣುತ್ತವೆ. ಬೆಟ್ಟದ ಓಟ ಹಾಗಲ್ಲ. ಮರದ ಮರೆಯಿಂದ ಬಂದವನು ಮರುಕ್ಷಣವೇ ಮುಂದಿನ ತಿರುವಿನಲ್ಲಿ ಮಾಯವಾಗುತ್ತಾನೆ. ಪೂರ್ತಿ ನೋಡಬೇಕೆಂದರೆ ನೋಡುವವನೂ ಹತ್ತಬೇಕು!

ಇಂಗ್ಲೆಂಡಿನ ಹಳ್ಳಿಗಾಡಿನ ಜಾತ್ರೆಗಳಲ್ಲಿ ಕುಸ್ತಿ, ಕುರಿಗಳ ಪ್ರದರ್ಶನಗಳ ಜೊತೆಗೆ ಗುಡ್ಡದ ಓಟವೂ ಉಂಟು. ಅಲ್ಲಿನ ಜಾಸ್ ನೇಯ್ಲರ್ ಎಂಬ ಕುರಿ ಸಾಕುವ ರೈತ, ಎಳೆವಯಸ್ಸಿನಿಂದ ಬೆನ್ನುನೋವು ಉಂಡವನು, 1975ರಲ್ಲಿ 24 ಗಂಟೆಗಳೊಳಗೆ 72 ಶಿಖರಗಳನ್ನು ಹತ್ತಿಳಿದ. ನಮ್ಮಲ್ಲಿ ಅದಕ್ಕೆ ಸಮೀಪವಾದುದು ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ನಡೆಯುವ ಚಾಮುಂಡಿ ಬೆಟ್ಟ ಹತ್ತುವ ಸ್ಪರ್ಧೆ. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳು ಸುಮಾರು ಸಾವಿರ. ಭಕ್ತರು ಒಂದೊಂದಕ್ಕೂ ಕುಂಕುಮವಿಟ್ಟು ಏರುವ ಆ ದಾರಿಯನ್ನು ಸ್ಪರ್ಧಾಳುಗಳು ಉಸಿರು ಕಟ್ಟಿ ಏರುತ್ತಾರೆ.

ಒಂದು ದಸರೆಯಲ್ಲಿ ಪೀಣ್ಯದ ನಿವೃತ್ತ ಕಾರ್ಮಿಕರೊಬ್ಬರು ಇದನ್ನು ನೋಡಲು ಬಂದಿದ್ದರು. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಸವೆದ ಮೊಣಕಾಲುಗಳು ಅವರವು. ಆದ್ದರಿಂದ ಆಟೋ ಹಿಡಿದು, ಏಳುನೂರನೆಯ ಮೆಟ್ಟಿಲಿನ ಸಮೀಪದ ದೊಡ್ಡ ನಂದಿಯ ಬಳಿ ಇಳಿದು ಕಾದು ನಿಂತರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದ ಮಗಳು ಅಂದು ಸ್ಪರ್ಧೆಯಲ್ಲಿದ್ದಳು. ಬನ್ನಿ ಎಂದು ಅವಳು ಕರೆದಿರಲಿಲ್ಲ. ಬರುತ್ತೇನೆಂದು ಇವರೂ ಹೇಳಿರಲಿಲ್ಲ.

ಅದಕ್ಕೆ ಕಾರಣವಿತ್ತು. ಶಾಲೆಯ ದಿನಗಳಲ್ಲಿ ಅವಳು ಓಡಿದಾಗಲೆಲ್ಲ ಇವರು ಹೇಳುತ್ತಿದ್ದುದು ಒಂದೇ ಮಾತು: “ನಿಧಾನ!” ಬಿದ್ದಾಳೆಂಬ ಭಯ ಅರ್ಧ, ನೆರೆಹೊರೆಯವರು ಏನೆಂದಾರೋ ಎಂಬ ಭಯ ಇನ್ನರ್ಧ. ಹೈಸ್ಕೂಲಿಗೆ ಬಂದ ಮೇಲಂತೂ ಅವಳ ಓಟದ ಬೂಟುಗಳು ಅಟ್ಟ ಸೇರಿದವು. ಅವಳು ಅತ್ತಿರಲಿಲ್ಲ. ಆ ಮೌನ ಮಾತ್ರ ಹದಿನೈದು ವರ್ಷ ಮನೆಯಲ್ಲಿ ಉಳಿದಿತ್ತು.

ಮೊದಲು ಹುಡುಗರು ಬಂದರು. ಅನಂತರ ಹೆಂಗಸರು. ಹತ್ತನೆಯವಳೋ ಹನ್ನೊಂದನೆಯವಳೋ ಆಗಿ ಮಗಳು ಕಾಣಿಸಿದಳು. ಓಡುತ್ತಿರಲಿಲ್ಲ; ತೊಡೆಗೆ ಕೈಯೂರಿ ಒಂದೊಂದೇ ಮೆಟ್ಟಿಲನ್ನು ಗೆಲ್ಲುತ್ತಿದ್ದಳು. ಮುಖ ಕೆಂಪೇರಿ, ಬಾಯಿ ತೆರೆದಿತ್ತು. ಅಪ್ಪನ ನಾಲಗೆಯ ಮೇಲೆ ಅಭ್ಯಾಸಬಲದಿಂದ ಅದೇ ಹಳೆಯ ಮಾತು ಬಂದು ನಿಂತಿತು. ಅದನ್ನು ನುಂಗಿಕೊಂಡು, ಸುತ್ತಲಿನವರು ತಿರುಗಿ ನೋಡುವಂತೆ ಕೂಗಿದರು: “ಓಡು, ಮಗಳೇ! ಓಡು!”

ಅವಳು ತಲೆಯೆತ್ತಿದಳು. ಮಾತಾಡಲು ಉಸಿರೆಲ್ಲಿ? ಒಂದು ಕೈ ಮೇಲೆತ್ತಿ ತಿರುವಿನಲ್ಲಿ ಮರೆಯಾದಳು.

ಅಷ್ಟಕ್ಕೇ ಹಿಂದಿರುಗಬಹುದಾಗಿತ್ತು. ಆದರೆ ಅವರು ಕೆಳಗೆ ನೋಡಲಿಲ್ಲ. ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿ, ಉಳಿದ ಮುನ್ನೂರು ಮೆಟ್ಟಿಲುಗಳಿಗೆ ಕಾಲಿಟ್ಟರು. ಹತ್ತಕ್ಕೊಮ್ಮೆ ಕುಳಿತರು, ಎದ್ದರು. ಮೇಲೆ ತಲಪುವಷ್ಟರಲ್ಲಿ ಬಹುಮಾನ ವಿತರಣೆಯೂ ಮುಗಿದಿತ್ತು. ಬಹುಮಾನವಿಲ್ಲದ ಮಗಳು ಕೊನೆಯ ಮೆಟ್ಟಿಲ ಮೇಲೆ ನೀರಿನ ಬಾಟಲಿ ಹಿಡಿದು ಕಾದಿದ್ದಳು. ಇವರನ್ನು ಕಂಡದ್ದೇ ನಾಲ್ಕು ಮೆಟ್ಟಿಲು ಇಳಿದು ಬಂದು ಕೈ ಚಾಚಿದಳು.

“ನಿಧಾನ, ಅಪ್ಪಾ,” ಎಂದಳು.