ಗೆಜ್ಜೆ ಇನ್ನೂ ದೂರವಿರುವಾಗ

ದೆವ್ವದ ಸಿನಿಮಾದಲ್ಲಿ ನನಗೆ ದೆವ್ವಕ್ಕಿಂತ ಬಾಗಿಲು ಇಷ್ಟ. ‘ಆಪ್ತಮಿತ್ರ’ (2004) ನೆನಪಿಸಿಕೊಳ್ಳಿ. ಅರಮನೆಯಲ್ಲೊಂದು ಬೀಗ ಜಡಿದ ಕೋಣೆ. ಅದನ್ನು ತೆರೆಸಿಯೇ ತೀರುವ ಗಂಗಾ. ಆಮೇಲೆ ರಾತ್ರಿ ಎಲ್ಲಿಂದಲೋ ಗೆಜ್ಜೆಯ ಸದ್ದು. ಗಂಗಾ ಪಾತ್ರದ ಸೌಂದರ್ಯಾ ನಾಗವಲ್ಲಿಯೆಂಬ ದೆವ್ವವಾಗಿ ಎದುರಿಗೇ ನಿಂತಾಗ ಹುಟ್ಟುವ ಭಯಕ್ಕಿಂತ, ಆ ಗೆಜ್ಜೆ ಇನ್ನೂ ದೂರದಲ್ಲಿರುವಾಗಿನ ಭಯಕ್ಕೆ ರುಚಿ ಹೆಚ್ಚು. ಕತೆ ಬಾಯಿಪಾಠ. ಆದರೂ ನೋಡಿದಾಗಲೆಲ್ಲ ‘ಬೇಡ ಕಣಮ್ಮಾ, ತೆಗೀಬೇಡ’ ಎನ್ನುತ್ತದೆ ಮನಸ್ಸು. ಅವಳು ತೆಗೆಯದೆ ಹೋದರೆ ಬೇಸರವಾಗುವುದೂ ಅದೇ ಮನಸ್ಸಿಗೇ!

ಬದುಕಿನಲ್ಲಿ ಭಯ ಎದುರಾದರೆ ಓಡುತ್ತೇವೆ. ಅದನ್ನೇ ದುಡ್ಡು ಕೊಟ್ಟು ಸವಿಯುವುದು ಹೇಗೆ? ನನಗೆ ಹಿಡಿಸಿದ ಉತ್ತರ ಸಾವಿರ ವರ್ಷದ ಹಿಂದಿನ ಕಾಶ್ಮೀರದ್ದು. ನಾಟ್ಯಶಾಸ್ತ್ರ ಎಂಟು ರಸಗಳಲ್ಲಿ ಭಯಾನಕಕ್ಕೂ ಜಾಗ ಕೊಟ್ಟು, ಕಪ್ಪು ಬಣ್ಣ ಗೊತ್ತುಮಾಡಿತ್ತು. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಶಾಕುಂತಲದ ಜಿಂಕೆಯನ್ನು ಕರೆತರುತ್ತಾನೆ: ದುಷ್ಯಂತನ ಬಾಣಕ್ಕೆ ಹೆದರಿ, ಕತ್ತು ಹೊರಳಿಸಿ ರಥವನ್ನು ನೋಡುತ್ತ ನೋಡುತ್ತಲೇ ಓಡುವ ಜಿಂಕೆ. ನೋಡುಗನಿಗೆ ದಕ್ಕುವ ಭಯ ಅವನದಲ್ಲ, ಗೆಳೆಯನದಲ್ಲ, ಹಗೆಯದೂ ಅಲ್ಲ. ಇಂಥ ಊರು, ಇಂಥ ಕಾಲ ಎಂಬ ಕಟ್ಟೂ ಅದಕ್ಕಿಲ್ಲ. ಓಡುವ ಕೆಲಸ ಜಿಂಕೆಗೆ ಬಿಟ್ಟು ನಾವು ಬರಿಯ ಭಯವನ್ನು ಕೂತು ಸವಿಯುತ್ತೇವೆ. ಇಷ್ಟು ಸೊಗಸಾಗಿ ಇದನ್ನು ಇನ್ನಾರೂ ಹೇಳಿದ್ದನ್ನು ನಾನು ಓದಿಲ್ಲ.

ಮೈಗೆ ಮಾತ್ರ ಈ ಶಾಸ್ತ್ರ ತಿಳಿಯದು. ಅಡ್ರಿನಲಿನ್ ಹರಿದು ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ‘ಇದು ಸಿನಿಮಾ’ ಎಂದು ಮನಸ್ಸು, ‘ಎದ್ದು ಓಡು’ ಎಂದು ಮೈ. ಈ ಎಳೆದಾಟದಲ್ಲೇ ಸುಖವಿದೆ ಎಂದು ನನ್ನ ನಂಬಿಕೆ.

ಹಿಚ್‌ಕಾಕ್‌ನ ‘ಸೈಕೋ’ದ (1960) ಸ್ನಾನದ ದೃಶ್ಯವನ್ನೇ ನೋಡಿ. ಕಪ್ಪುಬಿಳುಪಿನ ಚಿತ್ರ, ಅಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್ಪು. ಇದೆಲ್ಲ ಗೊತ್ತಿದ್ದರೂ ಬರ್ನಾರ್ಡ್ ಹರ್ಮನ್‌ನ ಪಿಟೀಲುಗಳು ಚೀರತೊಡಗಿದರೆ ರೋಮ ನಿಲ್ಲುತ್ತದೆ. ಇಡೀ ಚಿತ್ರಕ್ಕೆ ಅವನು ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಹರ್ಮನ್ ಬರೆದದ್ದನ್ನು ಕೇಳಿ ಒಪ್ಪಿಕೊಂಡ. ಸದ್ದು ಆರಿಸಿ ನೋಡಿದರೆ ಅದೇ ದೃಶ್ಯ ಅರ್ಧ ಸತ್ತಂತಿರುತ್ತದೆ. ಭಯ ಒಳಗೆ ಬರುವುದು ಕಿವಿಯಿಂದ.

ಇಂಥ ಚಿತ್ರಗಳನ್ನು ಫೋನಿನ ಸಣ್ಣ ಸ್ಪೀಕರಿನಲ್ಲಿ ನೋಡಿ ಮುಗಿಸುವವರನ್ನು ಕಂಡರೆ ನನಗೆ ಸಂಕಟ. ಥಿಯೇಟರಿಗೇ ಹೋಗಬೇಕು, ತುಂಬಿದ ಆಟಕ್ಕೇ ಹೋಗಬೇಕು. ಪರದೆಯ ಮೇಲೆ ಬಾಗಿಲು ಕಿರ್ರೆನ್ನುವಾಗ ಪಾಪ್‌ಕಾರ್ನ್ ಅಗಿಯುವ ಸದ್ದೂ ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ಯಾರೋ ಕಿಟಾರನೆ ಕಿರುಚಬೇಕು. ಮರುಕ್ಷಣ ಗುರುತಿಲ್ಲದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೊಳ್ಳೆಂದು ನಗಬೇಕು.