ಪೋರ್ಟೊ ಪಟ್ಟಣದಲ್ಲಿ ಒಂದು ಕೆಂಡದೊಲೆಯ ಊಟ

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ, ಡೋರು ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಮುಖದಲ್ಲಿ ಪೋರ್ಟೊ ಪಟ್ಟಣವಿದೆ. ಗುಡ್ಡದ ಇಳಿಜಾರಿನಲ್ಲಿ ಒಂದರ ಹೆಗಲೇರಿ ಮತ್ತೊಂದು ನಿಂತಂತಿರುವ ಮನೆಗಳು, ಗೋಡೆಗಳಿಗೆ ನೀಲಿ ಚಿತ್ತಾರದ ಟೈಲುಗಳು, ನದಿಗೆ ಅಡ್ಡಲಾಗಿ 1886ರಲ್ಲಿ ಕಟ್ಟಿದ ಎರಡು ಅಂತಸ್ತಿನ ಕಬ್ಬಿಣದ ಸೇತುವೆ. ಪ್ರವಾಸಿಗಳು ನೋಡಬಯಸುವುದು ಇವನ್ನೇ. ನಾವು ಹೋದದ್ದು ಮಾತ್ರ ಕಾರ್ಕಿಗಾಗಿ.

ಟ್ರಾನ್ಸ್‌ಫಾರ್ಮರುಗಳ ಎಣ್ಣೆ ಸೋರದಂತೆ ಕೂಡಿಸುವ ಗ್ಯಾಸ್ಕೆಟ್ಟುಗಳನ್ನು ಹುಬ್ಬಳ್ಳಿಯಲ್ಲಿ ತಯಾರಿಸುವ ಚಿಕ್ಕದೊಂದು ಕಾರ್ಖಾನೆ ನಮ್ಮದು. ಅದಕ್ಕೆ ರಬ್ಬರಿನೊಡನೆ ಕಾರ್ಕಿನ ಹರಳು ಬೇಕು. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಬೆಳೆಯುವುದು ಪೋರ್ಚುಗಲ್ಲಿನಲ್ಲಿಯೇ. ಮರಗಳಿರುವುದು ಹೆಚ್ಚಾಗಿ ದಕ್ಷಿಣದ ಅಲೆಂತೇಜು ಸೀಮೆಯಲ್ಲಿ. ಕಾರ್ಖಾನೆಗಳಿರುವುದು ಪೋರ್ಟೊ ಬಳಿಯ ಸಾಂತಾ ಮರಿಯಾ ದ ಫೈರಾ ಎಂಬಲ್ಲಿ. ಅಷ್ಟು ವರ್ಷ ಮುಂಬಯಿಯ ಮಧ್ಯಸ್ಥರಿಂದ ಕೊಳ್ಳುತ್ತಿದ್ದೆವು. ನೇರವಾಗಿ ತರಿಸಿದರೆ ಉಳಿತಾಯವಿತ್ತು. ಆದರೆ ಪೂರ್ಣ ಕಂಟೇನರಿನ ಹಣವನ್ನು ಮುಂಗಡವಾಗಿ ಕಟ್ಟುವ ಶಕ್ತಿ ಇರಲಿಲ್ಲ. ಉದ್ದರಿ ಸಿಕ್ಕರೆ ಸರಿ, ಸಿಗದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುವುದು. 2023ರ ಜೂನ್ ತಿಂಗಳಿನಲ್ಲಿ ನಾವು, ನಮ್ಮ ಮನೆಯವರು ಹಾಗೂ ಮಗ ಈ ಲೆಕ್ಕಾಚಾರದಲ್ಲಿಯೇ ಹೊರಟೆವು.

ಕಾರ್ಖಾನೆ ನೋಡಿಯಾದ ಮೇಲೆ ಯಜಮಾನರು ನಮ್ಮನ್ನು ರಾತ್ರಿಯ ಊಟಕ್ಕೆ ಕರೆದರು. ವಯಸ್ಸು ಎಪ್ಪತ್ತರ ಮೇಲಿನದು, ಮಿತಭಾಷಿ. ಕರೆದದ್ದು ‘ಶುರ್ರಾಶ್ಕೈರಾ’ ಎಂಬ ಬಗೆಯ ಖಾನಾವಳಿಗೆ. ತೆರೆದ ಕೆಂಡದ ಮೇಲೆ ಜಾಲರಿಯಿಟ್ಟು ಸುಡುವ ಅಡಿಗೆಯೇ ಅಲ್ಲಿನ ವೈಶಿಷ್ಟ್ಯ. ಸುಡುವುದು ಏನನ್ನು ಎಂಬುದನ್ನು ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನಾಡಿನಲ್ಲಿ ವ್ಯಾಪಾರದ ಗೆಳೆತನ ಕುದುರುವುದು ಊಟದ ಮೇಜಿನಲ್ಲಿ. ಕರೆದವರ ಊಟವನ್ನು ಒಲ್ಲೆನೆಂದರೆ ಮನೆ ಬಾಗಿಲಿಗೆ ಹೋಗಿ ಒಳಗೆ ಕಾಲಿಡದೆ ಮರಳಿದಂತೆ.

ನಮ್ಮ ಆಹಾರದ ಸಂಗತಿಯನ್ನು ಮೊದಲ ಪತ್ರದಲ್ಲಿಯೇ ಬರೆದಿದ್ದೆವು. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಅಲ್ಲಿ ಮೀನು ತಂದಿಡುತ್ತಾರೆಂದು ಹಿಂದೆ ಹೋಗಿಬಂದವರು ಎಚ್ಚರಿಸಿದ್ದರು. ಆದ್ದರಿಂದ ಮಗನು ಅವರ ಭಾಷೆಯ ಮೂರು ಮಾತುಗಳನ್ನು ಕಲಿತಿದ್ದನು: ಸೆಂ ಕಾರ್ನೆ, ಸೆಂ ಪೈಶೆ, ಸೆಂ ಓವುಶ್. ಮಾಂಸವಿಲ್ಲದೆ, ಮೀನಿಲ್ಲದೆ, ಮೊಟ್ಟೆಯಿಲ್ಲದೆ ಎಂದರ್ಥ. ಆ ದೇಶಕ್ಕೆ ಹೋಗುವವರು ಈ ಮೂರನ್ನೂ ಬಾಯಿಪಾಠ ಮಾಡಿಕೊಂಡಿದ್ದರೆ ಒಳಿತು. ಶಾಲೆ, ಆಸ್ಪತ್ರೆ ಮುಂತಾದ ಸಾರ್ವಜನಿಕ ಊಟದ ಮನೆಗಳಲ್ಲಿ ಸಸ್ಯಾಹಾರದ ಒಂದು ಅಡಿಗೆಯಾದರೂ ಇರಲೇಬೇಕೆಂದು ಅಲ್ಲಿ 2017ರಲ್ಲಿ ಕಾಯಿದೆಯೇ ಆಗಿದೆ. ಖಾಸಗಿ ಖಾನಾವಳಿಗಳಿಗೆ ಆ ಕಟ್ಟು ಇಲ್ಲ.

ರಾತ್ರಿ ಎಂಟೂವರೆಗೆ ಹೋದೆವು. ಅವರ ಊಟದ ಹೊತ್ತೇ ಅದು. ಸಂತ ಜೋವಾವುನ ಹಬ್ಬ ನಾಲ್ಕೈದು ದಿನಗಳಿದ್ದುದರಿಂದ ಬೀದಿಬೀದಿಯಲ್ಲಿ ಸಾರ್ಡೀನ್ ಮೀನಿನ ಹೊಗೆ. ನಮ್ಮ ಮನೆಯವರು ಸೆರಗನ್ನು ಮೂಗಿಗೆ ಹಿಡಿದೇ ನಡೆದರು. ಆದರೆ ಅಂಗಡಿಗಳ ಮುಂದೆ ಚಿಕ್ಕ ಕುಂಡಗಳಲ್ಲಿ ಗುಂಡಗೆ ಬೆಳೆದ ಗಿಡಗಳನ್ನು ಕಂಡು ಥಟ್ಟನೆ ನಿಂತರು. ನಮ್ಮ ಕಾಮಕಸ್ತೂರಿಯ ಒಡಹುಟ್ಟಿನಂಥ ಗಿಡ. ಆ ಹಬ್ಬದಲ್ಲಿ ಅದನ್ನು ಪ್ರೀತಿಪಾತ್ರರಿಗೆ ಕಾಣಿಕೆ ಕೊಡುವರಂತೆ. ಮೂಗು ಒಡ್ಡಿ ಮೂಸಬಾರದು, ಅಂಗೈಯಿಂದ ಸವರಿ ಆ ಕೈಯನ್ನು ಮೂಸಬೇಕು ಎಂಬುದು ಅಲ್ಲಿನ ಪದ್ಧತಿ.

ಒಳಗೆ ಗೋಡೆಯುದ್ದಕ್ಕೂ ಒಲೆ. ಓಕ್ ಜಾತಿಯ ಮರಗಳ ಇದ್ದಲು ಉರಿದು, ಉರಿ ಅಡಗಿ, ಮೇಲೆ ಬೂದಿ ಮುಸುಕಿದ ಬಳಿಕವೇ ಅಡಿಗೆಗೆ ಕೈಹಚ್ಚುವರು. ಕೊಬ್ಬು ಸೋರಿ ಜ್ವಾಲೆ ಎದ್ದರೆ ನೀರು ಚಿಮುಕಿಸುವರು. ಮಿಕ್ಕ ವಿವರಗಳನ್ನು ಇಲ್ಲಿ ಬಿಡುತ್ತೇವೆ. ಅಡಿಗೆಯವರು ಐವತ್ತರ ಹರೆಯದ ಹೆಂಗಸು. ಯಜಮಾನರು ಹಿಂದಿನ ದಿನವೇ ತಿಳಿಸಿದ್ದರಂತೆ. ಆಕೆ ನಮ್ಮನ್ನು ಒಲೆಯ ಬಳಿಗೇ ಕರೆದೊಯ್ದು, ಒಂದು ಮೂಲೆಯಲ್ಲಿ ಬೇರೆಯಾಗಿ ಹರವಿದ ಕೆಂಡವನ್ನೂ ಅದರ ಮೇಲಿಟ್ಟ ಹೊಸ ಜಾಲರಿಯನ್ನೂ ತೋರಿಸಿದರು. ಇಕ್ಕಳವೂ ಬೇರೆ. ನಾವು ಕೇಳಬೇಕೆಂದಿದ್ದ ಮಾತು ಬಾಯಿಯಲ್ಲಿಯೇ ಉಳಿಯಿತು.

ಹೇಳದೆಯೇ ಮೇಜಿಗೆ ಬಂದವು ಬ್ರೆಡ್ಡು, ಆಲಿವ್ ಕಾಯಿ, ಗಿಣ್ಣಿನಂಥ ಚೀಸು. ಇವು ಪುಕ್ಕಟೆಯಲ್ಲ; ಮುಟ್ಟಿದರೆ ಬಿಲ್ಲಿಗೆ ಸೇರುತ್ತವೆ, ಮುಟ್ಟದೆ ಮರಳಿಸಿದರೆ ಇಲ್ಲ. ಅವರ ಪ್ರಸಿದ್ಧ ಹಸಿರು ಸಾರು ‘ಕಾಲ್ದು ವೆರ್ದ್’ ನೋಡಲು ಸಾತ್ವಿಕ: ಬಟಾಟೆ ಹಾಗೂ ಎಳೆಎಳೆಯಾಗಿ ಹೆಚ್ಚಿದ ಒಂದು ಬಗೆಯ ಕೋಸಿನ ಸೊಪ್ಪು. ಆದರೆ ಮಾಂಸದ ತುಂಡು ಅದರಲ್ಲಿ ಬೀಳುವುದು ರೂಢಿ. ವಿಚಾರಿಸಿದಾಗ ಆ ದಿನದ ಪಾತ್ರೆಗೆ ಆಗಲೇ ಬಿದ್ದಿತ್ತು. ಬಿಟ್ಟೆವು.

ನಮ್ಮ ಪಾಲಿಗೆ ಬಂದದ್ದು ಮೊದಲು ಬಟಾಟೆ. ಸಿಪ್ಪೆಸಹಿತ ಸುಟ್ಟು, ಮುಷ್ಟಿಯಿಂದ ಒಂದು ಗುದ್ದು ಕೊಟ್ಟು ಬಿರಿಸಿ, ಬೆಳ್ಳುಳ್ಳಿ ಕುದಿಸಿದ ಆಲಿವ್ ಎಣ್ಣೆ ಸುರಿದದ್ದು. ಅದರ ಹೆಸರಿನ ಅರ್ಥವೇ ಗುದ್ದಿದ ಬಟಾಟೆ. ಬಳಿಕ ದೊಣ್ಣಮೆಣಸಿನಕಾಯಿಗಳು. ಹೊರಸಿಪ್ಪೆ ಕಪ್ಪಗಾಗುವವರೆಗೆ ಸುಟ್ಟು, ಸುಲಿದು, ಸೀಳಿ, ಉಪ್ಪು, ಬೆಳ್ಳುಳ್ಳಿ, ಎಣ್ಣೆ, ಹುಳಿ ಬೆರೆಸಿ ತಂದಿಟ್ಟರು. ಒಂದು ತುತ್ತು ಬಾಯಿಗಿಟ್ಟ ನಮ್ಮ ಮನೆಯವರು ಮೆಲ್ಲಗೆ, “ಬದನೀಕಾಯಿ ಸುಟ್ಟ ವಾಸನೀನ ಐತಲ್ರೀ,” ಎಂದರು. ಗೋವಿನಜೋಳದ ಹಿಟ್ಟು ಬೆರೆಸಿದ ದಪ್ಪ ಬ್ರೆಡ್ಡಿನೊಡನೆ ಅದು ಎಷ್ಟು ಹೊಂದಿತೆಂದರೆ ಮತ್ತೊಮ್ಮೆ ತರಿಸಿಕೊಂಡೆವು.

ಎದುರಿಗೆ ಯಜಮಾನರ ತಟ್ಟೆಯಲ್ಲಿ ಅವರ ಊಟ. ಅದರ ಮೇಲೆ ಸವರಿದ್ದು ‘ಪಿರಿಪಿರಿ’ ಎಂಬ ಕೆಂಪು ಖಾರ. ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಆಫ್ರಿಕಕ್ಕೂ ನಮ್ಮ ನಾಡಿಗೂ ಹಡಗಿನಲ್ಲಿ ತಂದವರು ಪೋರ್ಚುಗೀಸರೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ದಡಕ್ಕೆ ಬಂದಾಗ ನಮ್ಮವರಿಗೆ ಗೊತ್ತಿದ್ದ ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ ಇಷ್ಟೇ. ಮೆಣಸು ಒಯ್ಯಲು ಬಂದವರು ಮೆಣಸಿನಕಾಯಿ ಬಿಟ್ಟುಹೋದರು. ಇಂದು ಬ್ಯಾಡಗಿಯ ಪೇಟೆ ಕೆಂಪಾಗಿರುವುದು ಆ ಬೀಜದಿಂದ. 1510ರಿಂದ 1961ರವರೆಗೆ ಗೋವೆಯನ್ನು ಅವರು ಆಳಿದ ಬಗೆ ನೆನೆದರೆ ಮನಸ್ಸು ಕಹಿಯಾಗುವುದುಂಟು. ಆದರೂ ಚಾವಿ, ಬಾಲ್ದಿ, ಪಗಾರ, ಬಟಾಟೆ ಎಂದು ದಿನನಿತ್ಯ ನಾವಾಡುವ ಮಾತುಗಳು ಅವರ ಬಾಯಿಂದ ಬಂದವೇ ಅಲ್ಲವೇ?

ಇದನ್ನು ಮಗನು ಇಂಗ್ಲಿಷಿನಲ್ಲಿ ಹೇಳುತ್ತಿರುವಾಗ ನಮ್ಮ ಮನೆಯವರು ಕೈಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದರು. ಅದಿಲ್ಲದೆ ಅವರು ಊರು ಬಿಡುವವರಲ್ಲ. ಯಜಮಾನರು ಬ್ರೆಡ್ಡನ್ನು ಎಣ್ಣೆಯಲ್ಲಿ ಅದ್ದಿ, ಚಟ್ನಿಗೆ ಹಚ್ಚಿ ಬಾಯಿಗಿಟ್ಟರು. ಅರೆಗಳಿಗೆ ಸುಮ್ಮನಿದ್ದು, ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಡಿಗೆಯಾಕೆಯೂ ಬಂದು ಬೆರಳಿನಿಂದ ರುಚಿ ನೋಡಿದರು. ಆವರೆಗೆ ಬಿಗಿಯಾಗಿದ್ದ ಮೇಜು ಅಲ್ಲಿಂದ ಸಡಿಲಾಯಿತು. ದ್ರಾಕ್ಷಾರಸದ ಲೋಟಗಳನ್ನು ನಾವು ಮಗುಚಿಟ್ಟಿದ್ದೆವು, ಯಾರೂ ಒತ್ತಾಯಿಸಲಿಲ್ಲ.

ಸಿಹಿಯ ಹೊತ್ತಿಗೆ ತೊಡಕು. ಅಲ್ಲಿನ ಸಿಹಿತಿಂಡಿಗಳು ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಬೆಳೆದುಬಂದವು. ಬಹುಪಾಲು ಮೊಟ್ಟೆಯ ಹಳದಿಯವೇ. “ಅನಾನಸ್?” ಎಂದು ಕೇಳಿದರು ಬಡಿಸುವವರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಅಜೋರ್ಸ್ ದ್ವೀಪಗಳಲ್ಲಿ ಗಾಜಿನ ಮನೆಯೊಳಗೆ ಬೆಳೆದ ಹಣ್ಣಂತೆ.

ಕಾಫಿ ಬರುವವರೆಗೂ ವ್ಯಾಪಾರದ ಮಾತಿಲ್ಲ. ಮಗನು ಎರಡು ಬಾರಿ ಕಣ್ಸನ್ನೆ ಮಾಡಿದರೂ ನಾವು ತಡೆದೆವು. ಯಜಮಾನರು ಹೇಳುತ್ತಿದ್ದುದು ಮರದ ಮಾತು. ಸಸಿ ನೆಟ್ಟು ಇಪ್ಪತ್ತೈದು ವರ್ಷಕ್ಕೆ ಮೊದಲ ತೊಗಟೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಬಾಟಲಿಯ ಬಿರಡೆಗೆ ತಕ್ಕ ಗುಣ ಬರುವುದು ಮೂರನೆಯ ಸಲಕ್ಕೆ, ಅಂದರೆ ಮರಕ್ಕೆ ನಲವತ್ತಮೂರು ತುಂಬಿದಾಗ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವರು, ಮುಂದಿನವರು ಅವಸರ ಮಾಡಬಾರದೆಂದು.

ಆಮೇಲೆ ಅವರೇ, “ನಿಮಗೆ ಎಷ್ಟು ದಿನ ಬೇಕು?” ಎಂದರು. ತೊಂಬತ್ತು ಎಂದೆವು. ತಲೆಯಾಡಿಸಿದರು. ಅಲ್ಲಿನ ಸಾಧಾರಣ ಖಾನಾವಳಿಗಳಂತೆ ಮೇಜಿಗೆ ಹಾಸಿದ್ದು ಕಾಗದ. ಅದರ ಮೇಲೆಯೇ ಲೇಖನಿಯಿಂದ ಲೆಕ್ಕ ಹಾಕಿದರು: ಅರ್ಧ ಹಣ ಬ್ಯಾಂಕಿನ ಮೂಲಕ ಸರಕು ಹಡಗೇರುವಾಗ, ಉಳಿದರ್ಧ ಅರವತ್ತು ದಿನಕ್ಕೆ. ನಾವು ಬಯಸಿದಷ್ಟಲ್ಲ, ಆದರೆ ಕಾರ್ಖಾನೆ ನಡೆಯುವಷ್ಟು. ಕೆಳಗೆ ರುಜು ಹಾಕಿ, ಆ ಮೂಲೆಯನ್ನು ಹರಿದು ನಮ್ಮ ಕೈಗಿತ್ತರು. ಕರಾರುಪತ್ರ ಆಮೇಲೆ ಬಂದಿತು. ಆಲಿವ್ ಎಣ್ಣೆಯ ಕಲೆಯಿರುವ ಆ ಚೂರು ಕಾಗದವನ್ನೂ ಅದೇ ಕಡತದಲ್ಲಿ ಸೇರಿಸಿಟ್ಟಿದ್ದೇವೆ.